ಹಗ್ಗ ಕಟ್ಟಿದ ಹಿತ್ತಲ ಬಾಗಿಲು

ಮನೆಗೆ ಕಳ್ಳರು ಬಂದು ಹೋದ ಮೇಲೆ ಓಣಿಯವರೆಲ್ಲ ಬಂದು ಕೇಳುವುದು ಒಂದೇ ಮಾತು: ಏನೇನು ಹೋಯಿತು? ಬಾಗಿಲು ಏನಾಯಿತು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಲಕಮನಹಳ್ಳಿಯ ಮುರಿಗೆವ್ವನ ಮನೆಯಲ್ಲೂ ಹಾಗೇ ಆಯಿತು.

ಮುರಿಗೆವ್ವನ ಮನೆ ಕೈಗಾರಿಕಾ ಪ್ರದೇಶದ ಹಿಂದಿನ ಓಣಿಯಲ್ಲಿದೆ. ಮಗ ಪ್ರಸಾದ ದಿನಾ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿ, ದುರ್ಗದಬೈಲಿನ ಒಂದು ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸುತ್ತಾನೆ. ಸೊಸೆ ಭಾಗ್ಯಶ್ರೀ ಹತ್ತಿರದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಮೊಮ್ಮಗಳು ಸೌಂದರ್ಯಾ ಐದನೇ ಇಯತ್ತೆ. ಅವಳು ಅಜ್ಜಿಯನ್ನು ಕರೆಯುವುದು ಆಯಿ ಎಂದು. ಹುಟ್ಟಿದಾಗಿನಿಂದ ಆಯಿಯ ಮಗ್ಗುಲಲ್ಲೇ ಮಲಗಿ ಬೆಳೆದ ಕೂಸು. ಇದನ್ನು ಮೊದಲೇ ಹೇಳಿಬಿಡಬೇಕು. ಈ ಕಥೆಯಲ್ಲಿ ಹೋದದ್ದು ಬಂಗಾರ ಎಂದುಕೊಂಡರೆ ಮೋಸ ಹೋಗುತ್ತೀರಿ.

ಆಷಾಢ ಹಿಡಿಯುವ ಮೊದಲು ಎಲ್ಲ ಕಡೆ ಮದುವೆಯ ಗಡಿಬಿಡಿ ಇರುತ್ತದಲ್ಲ, ಆಗಲೇ ನವಲಗುಂದದಲ್ಲಿ ಬೀಗರ ಮನೆಯ ಮದುವೆ ಬಂತು. ಬಸ್ಸಿನ ನೂಕುನುಗ್ಗಲಿನಲ್ಲಿ ಯಾರಾದರೂ ಎಗರಿಸಿಯಾರು ಎಂದು ಭಾಗ್ಯಶ್ರೀ ಬೋರಮಾಳ ಸರ, ಪಾಟಲಿ ಎಲ್ಲ ತಿಜೋರಿಯಲ್ಲಿಟ್ಟು ಸಣ್ಣ ಸರ ಒಂದನ್ನೇ ಹಾಕಿಕೊಂಡು ಹೊರಟಳು. ಪ್ರಸಾದ ಮಂಟಪದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಸ್ಟೇಟಸ್ ಹಾಕಿದ. ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ ಎಂದು ಊರಿಗೆಲ್ಲ ಡಂಗುರ ಸಾರಿದ ಹಾಗಾಯಿತು. ಅವನಿಗೆ ಅದು ಹೊಳೆಯಲಿಲ್ಲ. ನಮಗಾದರೂ ಎಲ್ಲಿ ಹೊಳೆಯುತ್ತದೆ? ಹಿತ್ತಲಿನಲ್ಲಿ ಗುಂಡಿ ತೋಡಲು ತಂದಿದ್ದ ಹಾರೆ ಪೇರಲ ಗಿಡಕ್ಕೆ ಒರಗಿಸಿದಂತೆಯೇ ಇತ್ತು. ಕಳ್ಳ ತನ್ನ ಸಾಮಾನು ತರುವ ತ್ರಾಸು ಕೂಡ ತೆಗೆದುಕೊಳ್ಳಲಿಲ್ಲ.

ಮರುದಿನ ಮುಂಜಾನೆ ಬಂದು ನೋಡಿದರೆ ಹಿತ್ತಲ ಬಾಗಿಲ ಚೌಕಟ್ಟು ಸೀಳಿಹೋಗಿತ್ತು. ಚಿಲಕ ಸ್ಕ್ರೂಗಳ ಸಮೇತ ಕಿತ್ತು ಜೋತಾಡುತ್ತಿತ್ತು. ತಿಜೋರಿಯ ಬಟ್ಟೆಯೆಲ್ಲ ನೆಲದ ಮೇಲೆ, ಬಂಗಾರ ಇಲ್ಲ. ಮುರಿಗೆವ್ವ ಅದಾವುದನ್ನೂ ನೋಡದೆ ಸೀದಾ ದೇವರ ಜಗಲಿಯ ಹತ್ತಿರ ಹೋದಳು. ವಿಭೂತಿಯ ಬಟ್ಟಲು ಬೋರಲಾಗಿ ಬಿದ್ದಿತ್ತು. ಚೆಲ್ಲಿದ ಭಸ್ಮದ ಮೇಲೆ ಬೂಟಿನ ಗುರುತು, ತಳದ ಗೆರೆಗಳೆಲ್ಲ ಎಣಿಸಬಹುದಾದಷ್ಟು ಸ್ಪಷ್ಟವಾಗಿತ್ತು.

ಬಾಜೂ ಮನೆಯ ನಾಹಿದಾ ಓಡಿ ಬಂದಳು. ಅವಳ ಗಂಡನದು ಗ್ರಿಲ್ ಮಾಡುವ ವರ್ಕ್‌ಶಾಪು. ಹೋದ ವರ್ಷ ಅವಳ ಮನೆಯಲ್ಲೂ ಕಳವಾಗಿತ್ತು.

"ಯಾರೂ ಏನೂ ಮುಟ್ಟಬ್ಯಾಡ್ರಿ," ಎಂದಳು. "ಪ್ರಸಾದಣ್ಣ, ನೀವು ಮೊದಲ ನೂರಾ ಹನ್ನೆರಡಕ್ಕ ಫೋನ್ ಹಚ್ಚರಿ. ಪೊಲೀಸರು ಬರೂತನಕಾ ಎಲ್ಲಾ ಹೆಂಗ ಬಿದ್ದೈತಿ ಹಂಗ ಇರ್ಲಿ. ಅಂಗಳದಾಗ ಕುಂದ್ರೂಣು ಬರ್ರಿ."

ಮುರಿಗೆವ್ವ ಆಗಲೇ ಬಕೆಟ್ಟಿಗೆ ನೀರು ತುಂಬುತ್ತಿದ್ದಳು. ಅವಳ ಸ್ಥಿತಿಯನ್ನೂ ತಿಳಿದುಕೊಳ್ಳಬೇಕು. ಲಿಂಗಪೂಜೆ ಆಗದೆ ಹನಿ ನೀರೂ ಗಂಟಲಿಗಿಳಿಸಿದವಳಲ್ಲ. ಬಸ್ಸಿನಲ್ಲಿ ಬರುವಾಗಲೇ ನಾಲಿಗೆ ಒಣಗಿತ್ತು. ಪೂಜೆಗೆ ಕೂರಬೇಕಾದ ಜಾಗದಲ್ಲಿ ಕಳ್ಳನ ಬೂಟು ಮೂಡಿ ಕೂತಿದೆ.

"ದೇವರ ಜಗಲಿ ತುಳದಾರ. ಅದನ್ನ ನೋಡಕೋತ ಕುಂದ್ರಲೇನು?" ಎಂದಳು.

"ಒಂದ ತಾಸ ತಡೀರಿ ಅವ್ವಾರ. ಆ ಬೂಟಿನ ಗುರ್ತನ ಅವನ್ನ ಹಿಡದ ಕೊಟ್ಟೀತು."

"ನಮ್ಮ ದೇವರ ಸುದ್ದಿ ನಿನಗ್ಯಾಕ? ನಿನ್ನ ಮನಿ ನೀ ನೋಡ್ಕೊ, ಹೋಗ."

ನಾಹಿದಾಳ ಮುಖ ಸಪ್ಪಗಾಯಿತು. ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಮುರಿಗೆವ್ವ ಜಗಲಿ ತೊಳೆದಳು, ಗೋಮೂತ್ರ ಚಿಮುಕಿಸಿದಳು, ಕಳ್ಳ ಮುಟ್ಟಿದ್ದೆಂದು ತಿಜೋರಿಯ ಬಾಗಿಲು, ಹಾರೆ, ಗೋಡೆ ಎಲ್ಲ ಒದ್ದೆ ಬಟ್ಟೆಯಿಂದ ತಿಕ್ಕಿ ಒರೆಸಿದಳು. ಅಳುತ್ತಲೇ ಪೂಜೆ ಮುಗಿಸಿ ನೀರು ಕುಡಿದಳು.

ಆಮೇಲೆ ಹೆಡ್ ಕಾನ್‌ಸ್ಟೆಬಲ್ ಹುಲಿಗೆವ್ವ ಬಂದಳು, ಜೊತೆಗೆ ಬೆರಳಚ್ಚು ತೆಗೆಯುವವನು. ಅವನು ಪುಡಿ ಹಚ್ಚಿ ಹಚ್ಚಿ ನೋಡಿ ತಲೆಯಲ್ಲಾಡಿಸಿದ.

"ಇದನ್ನೆಲ್ಲಾ ಒರಸಿದಾವ್ರು ಯಾರ್ರಿ?" ಎಂದು ಹುಲಿಗೆವ್ವ ಕೇಳಿದಳು.

ಮುರಿಗೆವ್ವನೇ ಮುಂದೆ ಬಂದು, "ಮೈಲಿಗಿ ಆಗಿತ್ರಿ. ತೊಳದೆ," ಎಂದಳು.

"ಯವ್ವಾ, ನೀವು ಮೈಲಿಗಿ ತೊಳೀಲಿಲ್ಲ, ಕಳ್ಳನ ಗುರ್ತ ತೊಳದ್ರಿ."

ಬೈದದ್ದಲ್ಲ, ಬೇಸರದಿಂದ ಆಡಿದ ಮಾತು. ಆದರೆ ಪ್ರಸಾದ ಆಗ ತಾಯಿಯ ಕಡೆ ಒಂದು ಸಲ ನೋಡಿದ. ಆ ನೋಟ ಮುರಿಗೆವ್ವನ ಎದೆಯಲ್ಲಿ ನೆಟ್ಟುಹೋಯಿತು. ಮಗ ಬಾಯಿಬಿಟ್ಟು ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದಳು.

ಹುಲಿಗೆವ್ವ ಹೊರಡುವ ಮುಂಚೆ ಕೂತು ಎಲ್ಲ ತಿಳಿಸಿ ಹೇಳಿದಳು. ಹೋದ ಒಡವೆ ಹಾಕಿಕೊಂಡು ತೆಗೆಸಿದ ಫೋಟೋ ಇದ್ದರೆ, ಅಂಗಡಿಯ ರಸೀದಿ ಇದ್ದರೆ ಠಾಣೆಗೆ ತನ್ನಿ. ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ, ಅದಕ್ಕೆ ದುಡ್ಡಿಲ್ಲ. ಎಟಿಎಂ ಕಾರ್ಡು ಹೋಗಿದ್ದರೆ ಈಗಲೇ ಬ್ಯಾಂಕಿಗೆ ಫೋನ್ ಮಾಡಿ ಬಂದ್ ಮಾಡಿಸಿ.

"ಮನಿ ಕೀಲಿಕೈ ಎಲ್ಲಾ ಅದಾವೇನು ನೋಡ್ರಿ," ಎಂದಳು.

ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದ, ಮುಂಬಾಗಿಲ ಇನ್ನೊಂದು ಕೀಲಿಕೈ ಇರಲಿಲ್ಲ. ಅದುವರೆಗೆ ಯಾರಿಗೂ ಅದರ ಖಬರೇ ಇರಲಿಲ್ಲ.

"ಹಂಗಾದ್ರ ಮುಂದಿನ ಕೀಲಿ ಇವತ್ತ ಬದಲಿ ಮಾಡ್ರಿ. ಹಿಂದಿನ ಬಾಗಲಾನೂ ಇವತ್ತ ರಿಪೇರಿ ಆಗ್ಬೇಕು. ಮನಿ ಒಳಗ ಹೊರಗ ನೋಡಿ ಹೋದಾವ್ರು ತಿರುಗಿ ಬರತಾರ. ಒಡದ ಬಾಗಲಾ ಹಂಗ ಬಿಡಬ್ಯಾಡ್ರಿ."

ಮುಂದಿನ ಕೀಲಿ ಅವತ್ತೇ ಬದಲಾಯಿತು. ಹಿಂದಿನ ಬಾಗಿಲಿನ ಮಾತು ಬಂದಾಗ ಮುರಿಗೆವ್ವ ಅಡ್ಡ ನಿಂತಳು.

"ಇವತ್ತ ಅಮಾಸಿ, ನಾಳಿಯಿಂದ ಆಷಾಢ. ಆಷಾಢದಾಗ ಯಾರರೆ ಬಾಗಲಾ ಕೂಡಸ್ತಾರೇನು? ಶ್ರಾವಣ ಬರ್ಲಿ, ಪೂಜಿ ಮಾಡಿ ಕೂಡಸೂಣು."

"ಯವ್ವಾ, ಇದು ಹೊಸಾ ಮನಿ ಅಲ್ಲ, ಹೊಸಾ ಬಾಗಲಾ ಅಲ್ಲ," ಎಂದ ಪ್ರಸಾದ.

"ಚೌಕಟ್ಟ ಚೌಕಟ್ಟನ. ಇದ್ದದ್ದೆಲ್ಲಾ ಹೋತು. ಇನ್ನ ಏನ ಉಳದೈತಿ ಅಂತ ಕಾಯ್ತಿ?"

ಮುರಿಗೆವ್ವನಿಗೆ ಬುದ್ಧಿ ಇರಲಿಲ್ಲ ಎನ್ನಬೇಡಿ. ಬುದ್ಧಿಯ ಜಾಗದಲ್ಲಿ ಅಂಜಿಕೆ ಕೂತಿತ್ತು. ತೊಳೆದು ಕೆಡಿಸಿದವಳು ಎಂಬ ಹೆಸರು ಆಗಲೇ ಬಂದಿದೆ. ಇನ್ನು ಆಷಾಢದಲ್ಲಿ ಬಾಗಿಲು ಕೂಡಿಸಿ ಮನೆಗೆ ಮತ್ತೇನಾದರೂ ಆದರೆ ಅದೂ ತನ್ನ ತಲೆಗೇ ಸುತ್ತಿಕೊಳ್ಳುತ್ತದೆ ಎಂದು ಅವಳ ಲೆಕ್ಕ. ಪ್ರಸಾದನಿಗೂ ಓಡಾಡಿ ಓಡಾಡಿ ಸಾಕಾಗಿತ್ತು. ಪ್ಲಾಸ್ಟಿಕ್ ಹಗ್ಗ ತಂದು ಹಿತ್ತಲ ಬಾಗಿಲನ್ನು ಕಿಟಕಿಯ ಸರಳಿಗೆ ಬಿಗಿದು, ಒಳಗಿನಿಂದ ಜೋಳದ ಚೀಲ ಒತ್ತಿಟ್ಟ. ಮುಂದಿನಿಂದ ನೋಡಿದವರಿಗೆ ಹೊಳೆಯುವ ಹೊಸ ಕೀಲಿ, ಹಿಂದೆ ಹಗ್ಗ.

ನಾಹಿದಾ ಅವಮಾನ ನುಂಗಿಕೊಂಡು ಮತ್ತೊಮ್ಮೆ ಬಂದಳು. ಹೊಸ್ತಿಲ ಹೊರಗೇ ನಿಂತು ಹೇಳಿದಳು:

"ಅವ್ವಾರ, ನಮ್ಮನಿಗೆ ಎರಡ ಸಲ ಬಂದಿದ್ರು. ಮೊದಲ್ನೇ ಸಲ ಒಡದ ಕಿಡಕಿಗೆ ರಟ್ಟ ಹಚ್ಚಿ, ನಾಳೆ ಮಾಡಿದ್ರಾತು ಅಂತ ಬಿಟ್ವಿ. ತಿರುಗಿ ಅದರಾಗಿಂದನ ಬಂದ್ರು. ನಮ್ಮನಿಯಾವ್ರು ಬಂದು ಒಂದು ಕಬ್ಬಿಣದ ಪಟ್ಟಿ ಬಡದು ಹೋಗ್ತಾರ. ಅರ್ಧಾ ದಿನದ ಕೆಲಸ."

"ಯಾಕ, ನಿಮ್ಮ ವರ್ಕ್‌ಶಾಪಿಗೆ ಗಿರಾಕಿ ಕಡಿಮಿ ಆಗ್ಯಾರೇನು?"

ಇಂಥ ಮಾತು ಆಡಿದ ಮೇಲೆ ಆಡಿದವರ ಬಾಯೇ ಕಹಿಯಾಗುತ್ತದೆ. ಮುರಿಗೆವ್ವನಿಗೂ ಆಯಿತು. ಆದರೆ ವಾಪಸ್ಸು ತೆಗೆದುಕೊಳ್ಳಲಿಲ್ಲ. ನಾಹಿದಾ ಮತ್ತೆ ಆ ಹೊಸ್ತಿಲಿಗೆ ಬರಲಿಲ್ಲ.

ಆಷಾಢದ ಜಿಟಿಜಿಟಿ ಮಳೆ ಹಿಡಿಯಿತು. ಠಾಣೆಯಿಂದ ಸುದ್ದಿಯಿಲ್ಲ. ಮನೆಯಲ್ಲಿ ಮಾತಿಲ್ಲ. ಭಾಗ್ಯಶ್ರೀ ಬರಿಗೈ ನೋಡಿಕೊಳ್ಳುತ್ತ ರೊಟ್ಟಿ ಬಡಿದು ಕೆಲಸಕ್ಕೆ ಹೋಗುತ್ತಿದ್ದಳು. ಮುರಿಗೆವ್ವ ಹಿತ್ತಲ ಬಾಗಿಲಿನ ಎದುರಿಗೆ ಮಣೆ ಹಾಕಿಕೊಂಡು ಕೂತುಬಿಡುತ್ತಿದ್ದಳು. ಗಾಳಿ ಬೀಸಿದಾಗೆಲ್ಲ ಹಗ್ಗ ಕಿರುಗುಟ್ಟುತ್ತಿತ್ತು. ಏನೂ ಉಳಿದಿಲ್ಲ ಎಂದವಳು ದಿನವಿಡೀ ಕಾಯುತ್ತ ಕೂತಿದ್ದಳು. ಊಟ ಅರ್ಧಕ್ಕೆ ನಿಂತಿತು.

ಕಲಘಟಗಿ ಕಡೆಯ ಒಂದು ಹಳ್ಳಿಯಲ್ಲಿ ಹೇಳಿಕೆ ಹೇಳುತ್ತಾರೆ, ಕಳ್ಳ ಯಾವ ದಿಕ್ಕಿನವನು, ಒಡವೆ ಎಲ್ಲಿದೆ, ಎಲ್ಲ ಹೇಳುತ್ತಾರೆ ಎಂದು ಯಾರೋ ಅವಳ ಕಿವಿಯಲ್ಲಿ ಊದಿದರು. ಕಳ್ಳ ಸಿಕ್ಕರೆ ಮಗನ ಆ ನೋಟ ಇಳಿದೀತು ಎಂಬ ಆಸೆ. ಒಂದು ಶನಿವಾರ ಹೊರಟಳು. ಶನಿವಾರ ಸೌಂದರ್ಯಾಗೆ ಮುಂಜಾನೆ ಸಾಲೆ, ಮಧ್ಯಾಹ್ನಕ್ಕೆ ಬಿಡುತ್ತದೆ. ಯಾವಾಗಲೂ ಇಂಥ ಹೊತ್ತಿನಲ್ಲಿ ಕೀಲಿಕೈ ನಾಹಿದಾಳ ಮನೆಯಲ್ಲಿ ಬಿಡುವ ವಾಡಿಕೆ. ಹುಡುಗಿ ಅಲ್ಲೇ ಚಹಾ ಕುಡಿದು ಕೂತಿರುತ್ತಿತ್ತು. ಈ ಸಲ ಯಾವ ಮುಖ ಇಟ್ಟುಕೊಂಡು ಬಿಡುವುದು? ಮುರಿಗೆವ್ವ ಕೀಲಿಕೈಯನ್ನು ಹುಡುಗಿಯ ಪಾಟೀಚೀಲದಲ್ಲಿ ಹಾಕಿದಳು.

"ನೀ ಬರೂದ್ರಾಗ ನಾ ಬಂದಿರತೇನಿ ಬೇ," ಎಂದಳು.

ಬರಲಿಲ್ಲ. ಹೇಳಿಕೆಯ ಸಾಲು ಉದ್ದ ಇತ್ತು, ಬಸ್ಸು ತಪ್ಪಿತು.

ಸೌಂದರ್ಯಾ ಮುಂಬಾಗಿಲು ತೆರೆದಾಗ ಒಳಗೆ ಪಾತ್ರೆಯ ಸಪ್ಪಳ ಕೇಳಿಸಿತು. ಆಯಿ ಬಂದಿದ್ದಾಳೆ ಎಂದು ಅವಳಿಗೆ ಖುಷಿ. ಚೀಲ ಎಸೆದು, "ಆಯಿ, ಹೊಟ್ಟಿ ಹಸದೈತಿ," ಎನ್ನುತ್ತ ಅಡುಗೆಮನೆಗೆ ಓಡಿದಳು. ಅಲ್ಲಿದ್ದವನು ಗಾಬರಿಯಾಗಿ ಅವಳನ್ನು ಜೋರಾಗಿ ನೂಕಿದ. ಕೂಸು ಮೂಲೆಯ ರುಬ್ಬುವ ಒಳ್ಳುಕಲ್ಲಿನ ಮೇಲೆ ಹೋಗಿ ಬಿದ್ದಿತು. ಅವನು ಬಂದ ಹಾದಿಯಲ್ಲೇ ಹಾರಿಹೋದ. ಹಗ್ಗವನ್ನು ಕೊಯ್ಯಲು ಅವನಿಗೆ ಒಂದು ಕುಡುಗೋಲೂ ಬೇಕಾಗಿರಲಿಲ್ಲ, ಸಣ್ಣ ಚಾಕು ಸಾಕಾಗಿತ್ತು.

ಕೂಸು ಚೀರಿದ್ದು ಕೇಳಿ ನಾಹಿದಾ ಅದೇ ತೆರೆದ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಹುಡುಗಿಯನ್ನು ಎತ್ತಿಕೊಂಡು, ಬರಿಗಾಲಲ್ಲೇ ಓಡಿ ಆಟೋ ಹಿಡಿದು ದವಾಖಾನೆಗೆ ಒಯ್ದಳು. ಅಲ್ಲಿಂದಲೇ ಭಾಗ್ಯಶ್ರೀಗೂ ಪೊಲೀಸರಿಗೂ ಫೋನ್ ಮಾಡಿದಳು.

ಮುರಿಗೆವ್ವ ಬಸ್ಸಿಳಿದು ಬಂದಾಗ ಮನೆಯ ಮುಂದೆ ಜನ. ಒಳಗೆ ಏನೂ ಹೋಗಿರಲಿಲ್ಲ. ಒಯ್ಯಲು ಇದ್ದದ್ದೆಲ್ಲ ಮೊದಲೇ ಒಯ್ದಾಗಿತ್ತು.

ದವಾಖಾನೆಯಲ್ಲಿ ಸೌಂದರ್ಯಾಳ ಬಲಗೈ ಮೊಣಕೈತನಕ ಪ್ಲಾಸ್ಟರಿನಲ್ಲಿತ್ತು. ಕೂಸು ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿರುತ್ತಿತ್ತು. ಮುರಿಗೆವ್ವ ಹಾಸಿಗೆಯ ಹತ್ತಿರ ಬಗ್ಗಿ ತಲೆ ನೇವರಿಸಿದಾಗ, ಹುಡುಗಿ ಸಣ್ಣ ದನಿಯಲ್ಲಿ ಒಂದೇ ಮಾತು ಹೇಳಿದಳು:

"ಒಳಗ ನೀ ಅದಿ ಅಂತ ತಿಳದು ಹೋದೆ, ಆಯಿ."

ಮುರಿಗೆವ್ವ ಅಲ್ಲೇ ಮಂಚದ ಕಾಲು ಹಿಡಿದು ಕೆಳಗೆ ಕುಸಿದಳು. ಗಂಡ ಸತ್ತಾಗಲೂ ಇಷ್ಟು ದಿಕ್ಕು ತಪ್ಪಿರಲಿಲ್ಲ ಅವಳು. ಆಗ ಯಾರ ತಪ್ಪೂ ಇರಲಿಲ್ಲ.

ಮರುದಿನ ಹುಡುಗಿಯನ್ನು ನೋಡಲು ಮಠದ ಅಯ್ಯನವರು ಮನೆಗೆ ಬಂದರು. ಹೋಗುವಾಗ ಮುರಿಗೆವ್ವ ಕೈಮುಗಿದು ಕೇಳಿದಳು: "ಅಯ್ಯಾರ, ಆಷಾಢದಾಗ ಬಾಗಲಾ ರಿಪೇರಿ ಮಾಡಸಬಹುದೇನ್ರಿ?"

ಅಯ್ಯನವರು ಕತ್ತರಿಸಿ ಬಿದ್ದ ಹಗ್ಗವನ್ನೂ ಅವಳ ಮುಖವನ್ನೂ ನೋಡಿದರು. "ಸೋರೂ ಮಾಳಗಿಗೆ ಮಣ್ಣ ಹಾಕಾಕ ಮುಹೂರ್ತ ನೋಡ್ತಿಯೇನು ತಾಯಿ? ರಿಪೇರಿಗೆ ಯಾವ ಆಷಾಢನೂ ಇಲ್ಲ. ಒಂದ ಮಾತ ಮೊದಲ ಕೇಳಿದ್ರ ಅವತ್ತ ಹೇಳತಿದ್ದೆನಲ್ಲ."

ಕೇಳಿರಲಿಲ್ಲ. ಮಠ ಮುಂದಿನ ಓಣಿಯಲ್ಲೇ ಇತ್ತು. ಕಳ್ಳನ ದಿಕ್ಕು ಕೇಳಲು ಕಲಘಟಗಿಯ ಕಡೆಗೆ ಹೋದವಳು, ಈ ಒಂದು ಮಾತು ಕೇಳಲು ಅಲ್ಲಿತನಕ ಹೋಗಿರಲಿಲ್ಲ.

ಅವಳು ಚಪ್ಪಲಿ ಕೂಡ ಹಾಕಿಕೊಳ್ಳದೆ ನಾಹಿದಾಳ ಬಾಗಿಲಿಗೆ ಹೋಗಿ ನಿಂತಳು.

"ನಾಹಿದಾ, ಬಾಗಲಾ ಮಾಡಿಕೊಡ್ರಿ ಯವ್ವಾ. ನಾ ನಿನಗ ಏನೇನೋ ಅಂದೆ."

ನಾಹಿದಾ ಅವಳ ಕೈ ಹಿಡಿದು ಒಳಗೆ ಕರೆದಳು. "ಅದನ್ನೆಲ್ಲಾ ಈಗ ಯಾಕ್ರಿ ಅವ್ವಾರ. ಮೊದಲ ಚಾ ಕುಡೀರಿ. ಇವ್ರು ಸಾಮಾನ ತೊಗೊಂಡು ಬರತಾರ."

ನಾಹಿದಾಳ ಗಂಡ ಬಂದ. ಸೀಳಿದ ಚೌಕಟ್ಟಿನ ಉದ್ದಕ್ಕೂ ದಪ್ಪ ಕಬ್ಬಿಣದ ಪಟ್ಟಿ ಕೂಡಿಸಿದ. ಹಳೆಯ ಚಿಲಕವನ್ನು ಕೈಯಲ್ಲಿ ಹಿಡಿದು ಪ್ರಸಾದನಿಗೆ ತೋರಿಸಿದ. ಬೆರಳಿನ ಉಗುರಿನಷ್ಟು ಸಣ್ಣ ಸ್ಕ್ರೂ ಹಾಕಿದ್ದರು. ಅದರ ಬದಲು ಬಾಗಿಲಿನ ಆರಪಾರ ಹೋಗುವ ಬೋಲ್ಟು ಹಾಕಿ ಒಳಗಿನಿಂದ ನಟ್ಟು ಬಿಗಿದ. ಮೇಲೊಂದು ಕೆಳಗೊಂದು ಚಿಲಕ, ನಡುವೆ ಹಳೆಯ ಕಾಲದ ಮನೆಗಳಲ್ಲಿ ಇರುತ್ತಿದ್ದಂಥ ಅಡ್ಡ ಅಗಳಿ, ಅದೂ ಕಬ್ಬಿಣದ್ದು. ಅಡುಗೆಮನೆಯ ಕಿಟಕಿಯ ಗ್ರಿಲ್ಲಿನ ಸ್ಕ್ರೂಗಳು ಹೊರಗಿನಿಂದ ಬಿಚ್ಚುವ ಹಾಗಿದ್ದವು. ಅವುಗಳನ್ನು ವೆಲ್ಡಿಂಗ್ ಮಾಡಿದ. ಭಾಗ್ಯಶ್ರೀ ಹಾರೆ, ನಿಚ್ಚಣಿಕೆ ಎರಡನ್ನೂ ಒಳಗೆ ತಂದಿಟ್ಟಳು. ಕಂಪೌಂಡಿನ ಮೇಲೆ ಚಾಚಿದ್ದ ಪೇರಲ ಕೊಂಬೆಯನ್ನು ಪ್ರಸಾದ ಕಡಿದು, ಹಿತ್ತಲಿಗೆ ಒಂದು ಬಲ್ಬು ಹಾಕಿದ.

ಮುರಿಗೆವ್ವ ಅಗಳಿಯನ್ನು ಎತ್ತಿ ಹಾಕಿ ನೋಡಿದಳು. "ಇಷ್ಟ ಮಾಡಿದ್ರ ಅವ್ರು ಬರೂದಿಲ್ಲೇನು?"

"ಬರೂದ ಇಲ್ಲ ಅಂತ ಯಾರ ಹೇಳಾಕ ಬರತೈತ್ರಿ?" ಎಂದಳು ನಾಹಿದಾ. "ಆದ್ರ ಮುರ್ಯಾಕ ಹೊತ್ತ ಹಿಡಿತೈತಿ, ಸಪ್ಪಳಾ ಆಕ್ಕೈತಿ. ಸಪ್ಪಳಾ ಆತಂದ್ರ ನಾವ ಅದೇವಲ್ಲ. ನೀವು ಊರಿಗೆ ಹೋಗೂ ಮುಂದ ನಮಗ ಹೇಳಿ ಹೋಗ್ರಿ, ನಿಮ್ಮ ಅಂಗಳಾ ನಾ ಕಸಾ ಹೊಡಿತೇನಿ, ಹಾಲಿನ ಪಾಕೀಟ ತಗೀತೇನಿ. ಠಾಣೇದಾಗೂ ಹೇಳಿ ಹೋಗ್ರಿ. ಬಂಗಾರ ಇದ್ರ ಬ್ಯಾಂಕಿನ ಲಾಕರಿನ್ಯಾಗ ಇಡ್ರಿ. ಮತ್ತ ಪ್ರಸಾದಣ್ಣ, ಫೋಟೋ ಊರಿಂದ ಬಂದ ಮ್ಯಾಲೆ ಹಾಕ್ರಿ."

ಪ್ರಸಾದ ತಲೆ ತಗ್ಗಿಸಿ "ಆತ್ರಿ" ಎಂದ. ಆಮೇಲೆ ತಾಯಿಯ ಹತ್ತಿರ ಬಂದು, "ಯವ್ವಾ, ನಾನೂ ಹಗ್ಗಾ ಕಟ್ಟಿ ಸುಮ್ನ ಕುಂತೆ," ಎಂದ. ಆ ಮಾತಿನಿಂದ ಮುರಿಗೆವ್ವನಿಗೆ ಸಮಾಧಾನವಾಗಲಿಲ್ಲ.

ಬಂಗಾರ ಇವತ್ತಿಗೂ ಸಿಕ್ಕಿಲ್ಲ. ಬಾಗಿಲು ಮಾತ್ರ ನಾಹಿದಾ ಹೇಳಿದಂತೆ ಅರ್ಧ ದಿನದಲ್ಲಿ ಗಟ್ಟಿಯಾಯಿತು. ಸೌಂದರ್ಯಾಳ ಕೈಯ ಪ್ಲಾಸ್ಟರೂ ಬಿಚ್ಚಿದರು, ಎಲುಬು ಕೂಡಿದೆ. ಆದರೆ ಹುಡುಗಿ ಒಬ್ಬಳೇ ಅಡುಗೆಮನೆಗೆ ಕಾಲಿಡುವುದಿಲ್ಲ. ಒಳಗೆ ಪಾತ್ರೆ ಸದ್ದಾದರೆ ಪಡಸಾಲೆಯಲ್ಲೇ ಗೋಡೆಗೆ ಅಂಟಿ ನಿಲ್ಲುತ್ತಾಳೆ. "ಯಾರದೀರಿ ಒಳಗ?" ಎಂದು ಕೇಳುತ್ತಾಳೆ. ಆಯಿ ಬಂದು ಮುಖ ತೋರಿಸುವವರೆಗೆ ಅಲ್ಲಿಂದ ಕದಲುವುದಿಲ್ಲ. ಅದಕ್ಕೇ ಈಗ ಮುರಿಗೆವ್ವ ಒಲೆಯ ಮುಂದೆ ಇರುವಷ್ಟು ಹೊತ್ತೂ ಜೋರಾಗಿ ಮಾತಾಡುತ್ತಲೇ ಇರುತ್ತಾಳೆ. ಕಾಯಿಪಲ್ಲೆಯ ಸಂಗಡ, ಬೆಂಕಿಯ ಸಂಗಡ, ಯಾರೂ ಇಲ್ಲದ ಗೋಡೆಯ ಸಂಗಡ. ಒಳಗಿರುವುದು ತಾನೇ ಎಂದು ಕೂಸಿಗೆ ತಿಳಿಯಲಿ ಎಂದು. ಮಾತಾಡಿ ಮಾತಾಡಿ ಗಂಟಲು ಒಣಗುತ್ತದೆ. ಕೂಸು ಮಾತ್ರ ಇನ್ನೂ ಪಡಸಾಲೆಯಲ್ಲೇ ನಿಂತಿರುತ್ತದೆ.

ಅಕ್ಕಾ, ಅಣ್ಣಾ, ಇದನ್ನು ಓದುತ್ತಿರುವ ಅಥವಾ ಸಂಘದಲ್ಲಿ ಕೂತು ಕೇಳುತ್ತಿರುವ ನೀವೆಲ್ಲ, ಮುರಿಗೆವ್ವನನ್ನು ಬೈದು ಎದ್ದು ಹೋಗಬೇಡಿ. ನಿಮ್ಮ ಮನೆಯಲ್ಲಿ ಕಳವಾದರೆ ಪೊಲೀಸರು ಬರುವತನಕ ಏನನ್ನೂ ಮುಟ್ಟಬೇಡಿ, ಏನನ್ನೂ ತೊಳೆಯಬೇಡಿ. ದೇವರು ಒಂದು ತಾಸು ಕಾಯುತ್ತಾನೆ. ಮುರಿದದ್ದನ್ನು ಅವತ್ತೇ ರಿಪೇರಿ ಮಾಡಿಸಿ. ಕೀಲಿಕೈ ಕಳೆದಿದ್ದರೆ ಕೀಲಿಯನ್ನೇ ಬದಲಿಸಿ. ನೆರೆಯವರ ಸಂಗಡ ಮಾತು ಬಿಟ್ಟಿದ್ದರೆ ಅದನ್ನೂ ಇವತ್ತೇ ಸರಿಮಾಡಿಕೊಳ್ಳಿ, ನಿಮ್ಮ ಮನೆಯಲ್ಲಿ ಚೀರಿದರೆ ಮೊದಲು ಓಡಿಬರುವವರು ಅವರೇ.

ಕಳವಾಗದಿದ್ದರೂ ಈಗಲೇ ಎದ್ದು ಹೋಗಿ, ನಿಮ್ಮ ಹಿತ್ತಲ ಬಾಗಿಲನ್ನು ಹೊರಗಿನಿಂದ ಒಮ್ಮೆ ಜೋರಾಗಿ ನೂಕಿ ನೋಡಿ. ಅಲುಗಾಡಿದರೆ ಬಡಿಗನನ್ನು ಕರೆಯಿರಿ. ಮಕ್ಕಳು ಸಾಲೆಯಿಂದ ಬರುವುದರೊಳಗೆ ಕರೆಯಿರಿ.